ವಠಾರದ ಎಳ್ಳು

ಅಂಗಡಿ ಎಳ್ಳಿಗೆ ವಾಸನೆಯೇ ಇಲ್ಲ. ಮೊನ್ನೆ ಸೊಸೆ ನಾಲ್ಕನೇ ಬ್ಲಾಕಿನಿಂದ ಎಳ್ಳು-ಬೆಲ್ಲದ ಪೊಟ್ಟಣ ತಂದಳು. ಬಿಚ್ಚಿ ಮೂಗಿಗೆ ಹಿಡಿದೆ. ಊಹೂಂ, ಬರೀ ಪ್ಲಾಸ್ಟಿಕ್ಕು. ಹಟ ಹಿಡಿದು ಡಬ್ಬಿಯಲ್ಲಿದ್ದ ಒಂದು ಹಿಡಿ ಹಸಿ ಎಳ್ಳನ್ನು ಬಾಣಲೆಗೆ ಹಾಕಿ ನಾನೇ ಹುರಿದೆ. ಚಟಪಟ ಅಂದಿತು ನೋಡಿ, ಆ ಘಮಕ್ಕೆ ಪಕ್ಕದ ಮನೆಯ ಅಕ್ಕ ಕಣ್ಣ ಮುಂದೆ ಬಂದು ನಿಂತರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಂದಿನ ಸಿಡುಕು ಮುಖದಲ್ಲೇ.

ಐವತ್ತರ ದಶಕದ ಕೊನೆಯ ಮಾತು. ನಾನು ಮದುವೆಯಾಗಿ ತುಮಕೂರಿನಿಂದ ಜಯನಗರಕ್ಕೆ ಬಂದಾಗ ಇಲ್ಲಿ ನಗರ ಅನ್ನುವಂಥದ್ದೇನೂ ಇರಲಿಲ್ಲ. ಕಲ್ಲು ನೆಟ್ಟು ಗುರುತು ಮಾಡಿದ ಸೈಟುಗಳು, ಲಂಟಾನ ಪೊದೆ, ಅಲ್ಲಲ್ಲಿ ಹುತ್ತ. ನಮ್ಮ ರಸ್ತೆಯಲ್ಲಿದ್ದದ್ದು ಎರಡೇ ಮನೆ, ನಮ್ಮದು ಮತ್ತು ಅಕ್ಕನದು. ಗಂಡಂದಿರು ಆಫೀಸಿಗೆ ಹೋದರೆ ಸಂಜೆಯವರೆಗೂ ಮನುಷ್ಯರ ಸದ್ದಿಲ್ಲ.

ಅಕ್ಕ ಬಂದದ್ದು ಚಿಕ್ಕಪೇಟೆಯ ಒಂದು ವಠಾರದಿಂದ. ಒಂದೇ ಅಂಗಳ, ಒಂದೇ ನಲ್ಲಿ, ಸುತ್ತ ಹತ್ತಾರು ಸಂಸಾರ. ಅದನ್ನು ಬಿಡಿಸಿ ಈ ಕಾಡಿಗೆ ತಂದು ಹಾಕಿದರು ಅಂತ ಗಂಡನ ಮೇಲೆ ಅವರಿಗೆ ಕೋಪ. ಸಂಜೆ ಇಬ್ಬರೂ ಗೇಟಿಗೆ ಒರಗಿ ನಿಂತರೆ ಶುರು. “ಈ ಹೊತ್ತಿಗೆ ನಮ್ಮ ವಠಾರಕ್ಕೆ ಹೂವಿನವಳು ಬಂದಿರ್ತಾಳೆ ಕಣೇ...” ಯಾರ ಮನೆಯ ಒಗ್ಗರಣೆ ಯಾರ ಮನೆಗೆ ಘಾಟು ಹಿಡಿಸುತ್ತಿತ್ತು, ಯಾರು ಯಾರ ಮಗುವಿಗೆ ಎಣ್ಣೆ ಒತ್ತುತ್ತಿದ್ದರು... ಕಂಡಿರದ ವಠಾರ ನನಗೆ ಬಾಯಿಪಾಠವಾಗಿಬಿಟ್ಟಿತ್ತು.

ಅಷ್ಟರಲ್ಲಿ ಅವರಿದ್ದ ಹಳೆಯ ಮನೆಯೇ ಅಲ್ಲಿ ಖಾಲಿಯಾಯಿತಂತೆ. “ಸಂಕ್ರಾಂತಿ ದಿನ ಎಲ್ರಿಗೂ ಎಳ್ಳು ಬೀರಿ, ಮನೆ ಮಾತಾಡ್ಕೊಂಡೇ ಬರ್ತೀನಿ. ಇದನ್ನ ಯಾರಿಗಾದ್ರೂ ಬಾಡಿಗೆಗೆ ಕೊಟ್ರಾಯ್ತು” ಎಂದರು. ಅವರು ಹೋದರೆ ಆ ಬಯಲಲ್ಲಿ ನಾನೊಬ್ಬಳೇ. ಹೋಗಬೇಡಿ ಅನ್ನಲು ನಾನ್ಯಾರು? ಅವರ ಜತೆ ಕೂತು ಅಡಕೊತ್ತಿನಲ್ಲಿ ಕೊಬ್ಬರಿ, ಬೆಲ್ಲ ಕತ್ತರಿಸಿದೆ. ಇಡೀ ವಠಾರಕ್ಕೆ ಆಗುವಷ್ಟು ಎಳ್ಳು ತಯಾರಾಯಿತು.

ಹಬ್ಬದ ಮಧ್ಯಾಹ್ನ ಊಟ ಮುಗಿಸಿ ಅಕ್ಕ ರೇಷ್ಮೆ ಸೀರೆ ಉಟ್ಟು, ಎಳ್ಳಿನ ಚೀಲ ಹಿಡಿದು ಬಸ್ಸಿಗೆ ಹೊರಟರು. ನಾನು ಬಾಳೆಹಣ್ಣಿನ ತಟ್ಟೆ ಹಿಡಿದು ಗೇಟಿನಲ್ಲಿ ನಿಂತಿದ್ದೆ. ಮದುವೆಯಾದ ಮೊದಲ ಸಂಕ್ರಾಂತಿಗೆ ಹೊಸ ಸೊಸೆ ಐವರು ಮುತ್ತೈದೆಯರಿಗಾದರೂ ಬಾಳೆಹಣ್ಣು ಬೀರಬೇಕು. ನಮ್ಮ ಕಡೆ ಅದನ್ನು ತಪ್ಪಿಸುವ ಹಾಗಿಲ್ಲ. ಅಕ್ಕನಿಗೆ ಕುಂಕುಮ ಕೊಟ್ಟು ಹಣ್ಣು ಕೊಟ್ಟೆ. ಉಳಿದ ನಾಲ್ವರನ್ನು ಎಲ್ಲಿಂದ ತರಲಿ?

“ಇನ್ನು ಯಾರಿಗೆ ಕೊಡ್ತೀಯೇ, ಆ ಹುತ್ತಕ್ಕಾ?” ಎಂದರು.

ನನಗೆ ಅಳು ಬಂದುಬಿಟ್ಟಿತು. ಬಾಳೆಹಣ್ಣಿಗಾಗಿ ಬಂದ ಅಳು ಅದಲ್ಲ, ಅವರಿಗೂ ಗೊತ್ತಾಯಿತೋ ಏನೋ... ರಸ್ತೆಯ ತುದಿಯಲ್ಲಿ ಬಸ್ಸಿನ ಸದ್ದಾಯಿತು. ಅಕ್ಕ ಅತ್ತ ನೋಡಿದರು, ನನ್ನನ್ನು ನೋಡಿದರು. “ಥೂ ನಿನ್ನ! ಕಣ್ಣೊರೆಸ್ಕೊ. ನಡಿ, ಯಡಿಯೂರಿಗೆ ಹೋಗೋಣ.” ಬಸ್ಸು ಹೋಯಿತು.

ಕೆರೆಯ ಪಕ್ಕದ ಯಡಿಯೂರು ಆಗ ಅಪ್ಪಟ ಹಳ್ಳಿ. ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತಿದ್ದವರು ನಮ್ಮ ರೇಷ್ಮೆ ಸೀರೆ ನೋಡಿ ತಬ್ಬಿಬ್ಬಾದರು. ಒಬ್ಬ ಅಜ್ಜಿ ಮಾತ್ರ ಸೊಂಟದ ಮೇಲೆ ಕೈಯಿಟ್ಟು, “ಬಂದು ವರ್ಸ ಆಯ್ತಲ್ಲ, ಇವತ್ತು ದಾರಿ ಗೊತ್ತಾಯ್ತಾ ಅಮ್ಮಾವ್ರೇ?” ಎಂದು ದಬಾಯಿಸಿದರು. ಅಕ್ಕ ನನ್ನ ಕೈ ಹಿಡಿದು ಅಜ್ಜಿಯ ಜಗಲಿ ಹತ್ತಿಸಿದರು. ನನ್ನ ಬಾಳೆಹಣ್ಣು ಮೊದಲ ಜಗಲಿಯಲ್ಲೇ ಮುಗಿಯಿತು. ಅಕ್ಕ ಎಳ್ಳಿನ ಚೀಲ ಬಿಚ್ಚಿದರು. ಒಂದು ಮನೆಗೆ ಬೀರಿ ಪಕ್ಕದ ಮನೆ ಬಿಡಲಾಗುತ್ತದೆಯೇ? ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ವಠಾರದ ಎಳ್ಳೆಲ್ಲ ಖಾಲಿ. ಬದಲಿಗೆ ಮಡಿಲ ತುಂಬ ಸೊಗಡಿನ ಅವರೆಕಾಯಿ, ಕೈಯಲ್ಲಿ ಕಬ್ಬು. ದನಗಳು ಕಿಚ್ಚು ಹಾಯುವುದನ್ನೂ ನೋಡಿಕೊಂಡು ವಾಪಸಾದೆವು. ಆ ಸಂಜೆ ನನಗೆ ಎಷ್ಟು ಸಂತೋಷವಾಗಿತ್ತು ಅಂದರೆ...

“ಬರಿಗೈಲಿ ವಠಾರಕ್ಕೆ ಹೋಗಕ್ಕಾಗತ್ತಾ? ರಥಸಪ್ತಮಿವರೆಗೂ ಎಳ್ಳು ಬೀರಬಹುದು, ಮತ್ತೆ ಮಾಡ್ಕೊಂಡು ಹೋಗ್ತೀನಿ” ಎಂದರು ಅಕ್ಕ. ಮಾಡಿದರು, ಹೋದರು. ಆ ದಿನವೆಲ್ಲ ನಾನು ಗೇಟು ಬಿಟ್ಟು ಅಲುಗಲಿಲ್ಲ.

ಸಂಜೆ ಬಸ್ಸಿಳಿದು ಬುಸುಗುಟ್ಟುತ್ತ ಬಂದರು. ನಲ್ಲಿಯ ಹತ್ತಿರ ಕೊಡಕ್ಕೆ ಕೊಡ ತಾಗಿಸಿಕೊಂಡು ಜಗಳವಂತೆ. ಹಗಲಲ್ಲೂ ದೀಪ ಬೇಕಾಗುವ ಕೋಣೆಯಂತೆ. ಹೂವಿನವಳೂ ಬರುವುದನ್ನು ಬಿಟ್ಟಿದ್ದಳಂತೆ. “ಅಲ್ಲಿ ಹೆಂಗಪ್ಪಾ ಇದ್ವಿ! ಬೇಡ ಅಂತ ಹೇಳಿ ಬಂದೆ” ಎಂದವರು ನೀರು ಕುಡಿದು ಗೇಟಿಗೆ ಒರಗಿದರು. ಸೆರಗಿನಿಂದ ಬೆವರೊರೆಸಿಕೊಂಡು, “ಈ ಹೊತ್ತಿಗೆ ನಮ್ಮ ವಠಾರದಲ್ಲಿ...” ಅಂತ ಮತ್ತೆ ಶುರು ಮಾಡಿದರಲ್ಲ!

ನಾನು ಕಿಸಕ್ಕನೆ ನಕ್ಕೆ. ಅವರಿಗೂ ನಗು ಬಂತು. “ನಗ್ಬೇಡವೇ. ವಠಾರ ನೆನೆಸ್ಕೊಳ್ಳೋಕೆ ಈ ಗೇಟೇ ಸರಿ. ಅಲ್ಲಿ ಹೋದ್ರೆ ಆಗಲ್ಲ.”

ಆಮೇಲೆ ಪ್ರತಿ ಸಂಕ್ರಾಂತಿಗೂ ನಮ್ಮ ಎಳ್ಳು ಯಡಿಯೂರಿಗೇ ಹೋಯಿತು. ಎಳ್ಳು ತಿಂದು ಒಳ್ಳೆಯ ಮಾತಾಡಿ ಅನ್ನುತ್ತಾರೆ. ಅಕ್ಕ ಮಾತ್ರ ಜಯನಗರದ ಬಗ್ಗೆ ಒಂದು ಒಳ್ಳೆಯ ಮಾತಾಡಲಿಲ್ಲ. ಕೊನೆಯುಸಿರಿನವರೆಗೂ ಜಯನಗರ ಬಿಟ್ಟು ಕದಲಲೂ ಇಲ್ಲ.

ಈಗ ಅವರ ಮನೆ ಇದ್ದಲ್ಲಿ ನಾಲ್ಕಂತಸ್ತಿನ ಫ್ಲ್ಯಾಟು. ನಾನು ಎಳ್ಳು ಹುರಿಯುತ್ತ ಇದನ್ನೆಲ್ಲ ಹೇಳಿದ್ದಕ್ಕೆ ಸೊಸೆ, “ಆ ಕಾಲಕ್ಕೆ ವಾಪಸ್ ಹೋಗ್ಬೇಕು ಅನ್ಸತ್ತಾ ಅತ್ತೆ?” ಎಂದು ಕೇಳಿದಳು. “ಅಯ್ಯೋ, ಆ ಕತ್ತಲೆ, ಆ ಹಾವು, ಆ ನೀರು ಸೇದೋ ಕರ್ಮ ಯಾರಿಗೆ ಬೇಕೇ?” ಎಂದೆ. ಸುಳ್ಳೇನಲ್ಲ. ಬಟ್ಟಲಿಗೆ ಎಳ್ಳು ಹಾಕಿಕೊಂಡು ಹೊರಗೆ ಬಂದು ಗೇಟಿಗೆ ಒರಗಿದೆ. “ಈ ಹೊತ್ತಿಗೆ ಯಡಿಯೂರಿನಲ್ಲಿ ಎತ್ತಿಗೆ ಬಣ್ಣ ಬಳೀತಿರ್ತಾರೆ ಅಕ್ಕಾ...” ಎಂದೆ, ಬಾಯಿಬಿಟ್ಟೇ.

ನೆನೆಸಿಕೊಳ್ಳಲು ಗೇಟು ಸರಿಯಾಗಿಯೇ ಇದೆ. ಕೇಳಿ ಕಿಸಕ್ಕನೆ ನಗುವವರು ಪಕ್ಕದಲ್ಲಿಲ್ಲ.