ಬಾಳೆಪಟ್ಟಿ ಸುತ್ತಿದ ಪೆಟ್ರೋಲ್ ಜೀಪು

ಬಾನೆಟ್ ತೆರೆದಿಟ್ಟ ಹಳೆಯ ಪೆಟ್ರೋಲ್ ಜೀಪು ಕಂಡರೆ ನಾನು ಈಗಲೂ ಗುಡಿಯ ಮುಂದೆ ನಿಂತಂತೆ ನಿಂತುಬಿಡುತ್ತೇನೆ. ನಾಲ್ಕು ಸಿಲಿಂಡರು, ಮೂರು ಗೇರು, ಮುಂದೆ ಹ್ಯಾಂಡಲ್ ಹಾಕಿ ತಿರುವಲು ಒಂದು ತೂತು. ಅದರ ಆಸ್ತಿ ಇಷ್ಟೇ. ಆ ಕಬ್ಬಿಣದ ಹೊಟ್ಟೆಯೊಳಗೆ ಬೆಂಕಿ ಹೊತ್ತಿ, ಆರಿ, ಮತ್ತೆ ಹೊತ್ತಿ ನಮ್ಮನ್ನು ಊರು ಮುಟ್ಟಿಸುತ್ತದೆ ಎಂಬುದು ನನಗಿನ್ನೂ ಪೂರ್ತಿ ನಂಬಿಕೆಗೆ ಬಂದಿಲ್ಲ. ನಾನು ಇತಿಹಾಸದ ಮೇಷ್ಟ್ರು. ಯಂತ್ರದ ವಿಷಯದಲ್ಲಿ ಭಕ್ತಿಯೊಂದೇ ನನ್ನ ಬಂಡವಾಳ.

ಆ ಭಕ್ತಿ ಹುಟ್ಟಿದ್ದು ನನ್ನ ಮದುವೆಯ ದಿನ, ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ. ಜೇವರ್ಗಿ ಕಾಲೋನಿಯಿಂದ ಕಮಲಾಪುರದ ಹೆಣ್ಣಿನ ಮನೆಗೆ ಕಾಕಾನ ಜೀಪಿನಲ್ಲಿ ಹೊರಟಿದ್ದೆವು: ಕಾಕಾ, ಅವನ ಅಕ್ಕ, ಅಂದರೆ ನನ್ನ ಸೋದರತ್ತಿ, ಮತ್ತು ಬಾಸಿಂಗ ಕಟ್ಟಿಕೊಂಡ ನಾನು. ಹನ್ನೆರಡೂವರೆಗೆ ಅಕ್ಕಿಕಾಳು, ಅಂದರೆ ಅಕ್ಷತೆ ಹಾಕುವ ಮುಹೂರ್ತ. ಹೊತ್ತು ಮೀರಿದರೆ ಯಾರಿಗೂ ಕಾಯುವವನಲ್ಲ ಎಂದು ಸಿಟ್ಟಿಗೆ ಹೆಸರಾದ ಭಾವಿ ಮಾವ ಮೊದಲೇ ಹೇಳಿ ಕಳಿಸಿದ್ದರು. ಅತ್ತಿ ಜೀಪಿನ ಎರಡೂ ಬದಿಗೆ ಬಾಳೆಕಂಬ ಕಟ್ಟಿಸಿ, ಮುಂದಿನ ಜಾಲರಿ ಕಾಣದಂತೆ ಚೆಂಡುಹೂವಿನ ಪರದೆ ಇಳಿಬಿಟ್ಟಿದ್ದಳು. ಮದುಮಗನಿಗೂ ರೇಡಿಯೇಟರಿಗೂ ಒಂದೇ ಗತಿ: ಮುಖದ ತುಂಬ ಹೂವು, ಉಸಿರಾಡಲು ಜಾಗವಿಲ್ಲ.

ತಾಜಸುಲ್ತಾನಪುರ ದಾಟಿ ಒಂದಿಷ್ಟು ದೂರ ಹೋಗುವಷ್ಟರಲ್ಲಿ ಜೀಪು ಕೆಮ್ಮಿತು, ಬಿಕ್ಕಿತು, ನಿಂತಿತು.

“ಪೆಟ್ರೋಲ್ ಕಾಯ್ದು ಪಂಪಿನಾಗೇ ಹವಾ ಆಗ್ಯಾದ,” ಎಂದ ಕಾಕಾ, ಹೂವಿನ ಪರದೆ ಕಿತ್ತೆಸೆಯುತ್ತ. “ತಣ್ಣಗಾಗೂತನಾ ಸಬರ್ ಮಾಡ್ಬೇಕು ನೋಡಪಾ. ತಾಸರೆ ಬೇಕು.”

ಒಂದು ತಾಸಿಗೆ ಮುಹೂರ್ತವೂ ಹೋಗುತ್ತಿತ್ತು, ಬಹುಶಃ ಹುಡುಗಿಯೂ. ತಂದಿದ್ದ ನೀರನ್ನೆಲ್ಲ ರೇಡಿಯೇಟರೇ ಕುಡಿದು ಮುಗಿಸಿತು. ಆಗ ಕಾಕಾನ ಕಣ್ಣು ಬಾಳೆಕಂಬದ ಮೇಲೆ ಬಿತ್ತು.

“ಅದಕ್ಕ ಕೈ ಹಚ್ಚಬ್ಯಾಡ, ಶುಭದ್ದದ,” ಎಂದಳು ಅತ್ತಿ. ಆಮೇಲೆ ನನ್ನ ಮುಖ ನೋಡಿದಳು. ಕೆಳಗಿಳಿದು ತಾನೇ ಕಂಬದ ಪಟ್ಟಿ ಸುಲಿಯತೊಡಗಿದಳು. “ಹುಡುಗನ ಲಗ್ನಕ್ಕಿಂತ ಶುಭ ಯಾವ್ದದ? ಹಿಡಿ.”

ನೀರು ಜಿನುಗುವ ಒಳಪಟ್ಟಿಗಳನ್ನು ಪಂಪಿಗೂ ಪೆಟ್ರೋಲಿನ ನಳಿಗೆಗೂ ಸುತ್ತಿ, ಬಾಳೆನಾರಿನಿಂದಲೇ ಬಿಗಿದೆವು. ಸ್ವಲ್ಪ ಹೊತ್ತಿಗೆ ಕಾಕಾ ಹ್ಯಾಂಡಲ್ ತಿರುವಿದರೆ ಎಂಜಿನ್ ಗುರ್ರೆಂದಿತು. ನಾನು ಬೆರಗಾಗಿ ನಿಂತೆ. ಪೆಟ್ರೋಲು ಆವಿಯಾಗದೆ ಎಂಜಿನ್ ಓಡುವುದಿಲ್ಲವಂತೆ. ಆದರೆ ಆವಿಯಾಗಬೇಕಾದದ್ದು ಬೆಂಕಿಯ ಬಾಗಿಲಿಗೆ ಬಂದ ಮೇಲೆಯೇ. ದಾರಿಯಲ್ಲೇ ಆವಿಯಾದರೆ ಗಾಡಿ ನಿಲ್ಲುತ್ತದೆ. ಇಷ್ಟು ನಾಜೂಕು ಆ ಒರಟು ಕಬ್ಬಿಣದೊಳಗೆ ಇರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಕಮಲಾಪುರ ಮುಟ್ಟಿದಾಗ ಅಕ್ಕಿಕಾಳು ಹಂಚಿಯಾಗಿತ್ತು. ಬೋಳು ಜೀಪು ನೋಡಿ ಮಾವ ಹುಬ್ಬು ಗಂಟಿಕ್ಕಿದರು. ಕಾಕಾ ಬಾನೆಟ್ ಎತ್ತಿದ. ಬಾಳೆತೋಟದ ಮಾಲೀಕರಾದ ಮಾವ ಬಗ್ಗಿ, ಪಟ್ಟಿ ಮುಟ್ಟಿ ನೋಡಿದರು. “ಇನ್ನಾ ತಂಪದಲ್ಲ,” ಎಂದು ನಕ್ಕುಬಿಟ್ಟರು. ಹೊತ್ತು ಮೀರಿತ್ತೋ ಇಲ್ಲವೋ, ಆಮೇಲೆ ಯಾರೂ ಗಡಿಯಾರ ನೋಡಲಿಲ್ಲ.

ಈಗಲೂ ನಾನು ವಿಷಯ ಪೂರ್ತಿ ಕೇಳುವ ಮೊದಲೇ ಕುದಿಯತೊಡಗಿದರೆ, ಹೆಂಡತಿ ಅಡುಗೆಮನೆಯಿಂದ ಮೆಲ್ಲಗೆ ಕೇಳುತ್ತಾಳೆ: “ಬಾಳೆಪಟ್ಟಿ ತರ್ಲೇನ್ರೀ?” ಅಪ್ಪನ ಸಿಟ್ಟು ನೋಡುತ್ತ ಬೆಳೆದವಳು, ಎಲ್ಲಿ ಸುತ್ತಬೇಕೆಂಬುದು ಅವಳಿಗೆ ಚೆನ್ನಾಗಿ ಗೊತ್ತು.