ಟೈಪಿಂಗ್ ಮೇಡಂ ಮಾಡಿದ ಹಂದಿ ಆಟ

ನಮ್ಮ ಟೈಪಿಂಗ್ ಮೇಡಂ ಬೆರಳುಗಳು ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ಎದುರಿಗಿದ್ದವರು ಮಾತಾಡುತ್ತಿದ್ದರೆ ಆ ಮಾತನ್ನೇ ಮೊಣಕಾಲ ಮೇಲೆ ಟೈಪ್ ಮಾಡುತ್ತಾ ಕೂತಿರುತ್ತಿದ್ದರು. ಉಗುರು ಬುಡದ ತನಕ ಕತ್ತರಿಸಿ, ಬೆರಳ ತುದಿಗಳೆಲ್ಲ ಚಪ್ಪಟೆ. ಜಗಳಕ್ಕೆ ಬಂದವರ ಬೈಗುಳವೂ ಅವರ ಸೀರೆ ಮೇಲೆ ಟೈಪ್ ಆಗುತ್ತಿತ್ತು.

ಶಿರಾ ಬಸ್ ಸ್ಟ್ಯಾಂಡಿನ ಹಿಂದೆ, ಬಳೆ ಅಂಗಡಿಯ ಮಹಡಿ ಮೇಲೆ ಅವರ ಇನ್‌ಸ್ಟಿಟ್ಯೂಟ್. ನಾನು ಅಲ್ಲಿಗೆ ಹೋಗುವ ಹೊತ್ತಿಗೆ ನನ್ನ ಬಲಗೈಯ ಉಂಗುರದ ಬೆರಳು, ಕಿರುಬೆರಳು ಎರಡೂ ಇರಲಿಲ್ಲ. ಹುಲಿಕುಂಟೆ ಕಡೆಯ ಶೆಡ್ಡೊಂದರಲ್ಲಿ ಕಡ್ಲೇಕಾಯಿ ಸುಲಿಯುವ ಮಿಷನ್ನು ತಿಂದುಹಾಕಿತ್ತು. ಟೈಪಿಂಗ್ ಪರೀಕ್ಷೆ ಪಾಸಾದರೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದು, ಇಲ್ಲದಿದ್ದರೆ ಮತ್ತೆ ಅದೇ ಶೆಡ್ಡು, ಅದೇ ಮಿಷನ್ನು ಅಂತ ಮನೆಯಲ್ಲಿ ತೀರ್ಮಾನವಾಗಿತ್ತು. ಬೇರೆ ಎರಡು ಕಡೆ ನನ್ನ ಕೈ ನೋಡಿಯೇ ಬಾಗಿಲಿಂದ ವಾಪಸ್ ಕಳಿಸಿದ್ದರು. ಮೇಡಂ ಮಾತ್ರ ಕೈ ಹಿಡಿದು, ತಿರುಗಿಸಿ ನೋಡಿ, "ಇನ್ನೂ ಎಂಟೈತಲ್ಲ, ಸಾಕ್ಬುಡು. ಕುಂತ್ಕೊ," ಅಂದರು.

ಕೂತೆ. ಆದರೆ ಕೀಬೋರ್ಡಿನ ಬಲತುದಿಯ ಅಕ್ಷರ ಬಂದರೆ ಸಾಕು, ನನ್ನ ಕಣ್ಣು ಕೆಳಗೆ ಓಡುತ್ತಿತ್ತು. ಕೆಳಗೆ ನೋಡಿದರೆ ವೇಗ ಹೋಯಿತು, ವೇಗ ಹೋದರೆ ಪರೀಕ್ಷೆ ಹೋಯಿತು. ಒಂದು ದಿನ ಹಾಳೆ ಹರಿದುಹಾಕಿ, ಇನ್ನು ಬರಲ್ಲ ಅಂತ ಅತ್ತು ಎದ್ದುಬಂದೆ. ಎರಡು ತಿಂಗಳಾದ ಮೇಲೆ ಮೇಡಂ ಫೋನ್ ಮಾಡಿದರು. "ಲೇ, ಟೈಪಿಂಗ್ ಬ್ಯಾಡ. ಬಂದು ಒಂದಾಟ ಆಡೋಗು."

ಐವತ್ತು ದಾಟಿದ ಹೆಂಗಸು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ನೋಟ್‌ಬುಕ್ಕುಗಟ್ಟಲೆ ಬರೆದುಕೊಂಡು, ಕಂಪ್ಯೂಟರಿನಲ್ಲಿ ಶೂಟಿಂಗ್ ಆಟ ಮಾಡಿಬಿಟ್ಟಿದ್ದರು! ಪರದೆಯಲ್ಲಿ ನಮ್ಮ ಕಣ್ಣೆದುರಿಗೇ ಕಡ್ಲೇಕಾಯಿ ಹೊಲ, ಕೈಯಲ್ಲಿ ಪೈಪಿನ ಪಟಾಕಿ ಕೋವಿ. ಹೊಲಕ್ಕೆ ನುಗ್ಗುವ ಕಾಡುಹಂದಿಗಳಿಗೆ ಗುರಿಯಿಟ್ಟು ಹೊಡೆಯಬೇಕು. ಏಟು ತಗುಲಿದ ಹಂದಿ ಸಾಯುತ್ತಿರಲಿಲ್ಲ, ಕಿರುಚಿಕೊಂಡು ಗುಡ್ಡ ಹತ್ತುತ್ತಿತ್ತು. "ಸಾಯ್ಸಿ ಏನ್ ಮಾಡ್ತೀಯ? ಓಡಿದ್ರೆ ಸಾಕು ಕಣೇ," ಅನ್ನುತ್ತಿದ್ದರು. ಹಂದಿಯ ಗುಟುರು ಸ್ವತಃ ಮೇಡಂ ಬಾಯಿಂದಲೇ ರೆಕಾರ್ಡ್ ಆಗಿತ್ತು. ಗಿಡ ಸರಸರ ಅಂದರೆ ಹಂದಿ ಯಾವ ಕಡೆಯಿಂದ ಬರುತ್ತಿದೆ ಅಂತ ಕಿವಿಯಲ್ಲೇ ಗೊತ್ತಾಗುತ್ತಿತ್ತು. ಅಷ್ಟು ಚೆನ್ನಾಗಿತ್ತು.

ಅಷ್ಟೇ ಪ್ರಾಣವನ್ನೂ ತಿನ್ನುತ್ತಿತ್ತು. ಕೆಲವು ಹಂದಿಗಳು ಬದುವಿನೊಳಗೆ ಅರ್ಧ ಸಿಕ್ಕಿಕೊಂಡು ಬಾಲ ಆಡಿಸುತ್ತಾ ನಿಂತುಬಿಡುತ್ತಿದ್ದವು. ಬಂಡೆಯೊಳಗೆ ನಾವೇ ನಡೆದುಹೋಗಬಹುದಿತ್ತು. ಒಂದು ಕೀ ತಪ್ಪಿದರೆ ಆಟ ಮೊದಲಿಂದ! "ಪರೀಕ್ಷೇಲಿ ಅಳಿಸಕ್ ಬುಡ್ತಾರೇನು?" ಅಂತ ಮೇಡಂ ಸಮಜಾಯಿಷಿ. ಎಲ್ಲಕ್ಕಿಂತ ಕೆಟ್ಟದ್ದು ಆ ಕೀಗಳ ಜೋಡಣೆ. ಬೇರೆ ಆಟಗಳಲ್ಲಿ ನಡೆಯುವ ಕೀಗಳು ಎಡಗಡೆ, ಮೌಸು ಬಲಗೈಗೆ. ಇಲ್ಲಿ ಎಲ್ಲವೂ ತಿರುಗುಮುರುಗು. ಮುಂದಕ್ಕೆ ಓ, ಹಿಂದಕ್ಕೆ ಎಲ್, ಪಕ್ಕಕ್ಕೆ ಪಿ, ಕೋವಿ ಹಿಡಿಯಲು ಎಡಗೈಯಲ್ಲಿ ಮೌಸು. ಪಾಪ, ಮೇಡಂಗೆ ಗೊತ್ತಾಗಿಲ್ಲ ಅಂದುಕೊಂಡೆ. ಹಂದಿಗಳಿಗೆ ಹಿಡಿಶಾಪ ಹಾಕುತ್ತಲೇ ಮೂರು ತಿಂಗಳು ಆಡಿದೆ, ಬಿಡಲಾಗಲಿಲ್ಲ. ಕೆಳಗೆ ನೋಡಿದ ಕ್ಷಣ ಹಂದಿ ಹೊಲದೊಳಗಿರುತ್ತಿತ್ತು.

ತುಮಕೂರಿನ ಒಂದು ಕಾಲೇಜಿನಲ್ಲಿ ಮನೆಯಲ್ಲೇ ಮಾಡಿದ ಆಟಗಳ ಸ್ಪರ್ಧೆ ನಡೆದಾಗ ಮೇಡಂ ಜೊತೆ ನಾನೂ ಹೋದೆ. ತೀರ್ಪುಗಾರರೊಬ್ಬರು ಐದು ನಿಮಿಷ ಆಡಿ, ಐದು ಸಲ ಸೋತು, ಬೇಸರದಿಂದ ಮೌಸು ಬಿಟ್ಟರು.

"ಮೇಡಂ, ಶಬ್ದ, ಹೊಲ ಎಲ್ಲಾ ಸೊಗಸಾಗಿದೆ. ಆದರೆ ಈ ಕೀಗಳಲ್ಲಿ ಯಾರು ಆಡ್ತಾರೆ? ಹತ್ತು ನಿಮಿಷದ ಕೆಲಸ, ಎಲ್ಲರ ಥರ ಎಡಗಡೆಗೆ ಹಾಕಿಬಿಡಿ. ಬಹುಮಾನಕ್ಕೆ ತಗೋತೀವಿ."

"ಆಗಲ್ಲ ಸಾರ್. ನಾನಿದ್ನ ಎಲ್ರಿಗೂ ಅಂತ ಮಾಡ್ಲಿಲ್ಲ. ಈ ನನ್ ಹುಡುಗಿ ಕೈಗೆ ಅಂತ ಮಾಡ್ದೆ." ನನ್ನ ಬೆನ್ನಿಗೊಂದು ಗುದ್ದಿದರು. "ಲೇ, ಕುಂತ್ಕೊಂಡು ಆಡಿ ತೋರ್ಸೇ."

ಆಗ ನನ್ನ ಮಂಕು ತಲೆಗೆ ಹೊಳೆಯಿತು. ಅವೆಲ್ಲ ಟೈಪಿಂಗಿನಲ್ಲಿ ನನ್ನ ಇಲ್ಲದ ಬೆರಳುಗಳು ಒತ್ತಬೇಕಿದ್ದ ಕೀಗಳು! ಕೂತೆ, ತಲೆ ತಗ್ಗಿಸದೆ ಆಡಿದೆ. ಒಂದು ಹಂದಿಯನ್ನೂ ಹೊಲಕ್ಕೆ ಬಿಡಲಿಲ್ಲ. ಸುತ್ತ ನಿಂತವರು ಚಪ್ಪಾಳೆ ಹೊಡೆದರು, ಬಹುಮಾನ ಇನ್ಯಾರಿಗೋ ಹೋಯಿತು. ವಾಪಸ್ ಬರುವ ಬಸ್ಸಿನಲ್ಲಿ ಮೇಡಂ ಅಕ್ಕಪಕ್ಕದವರಿಗೆಲ್ಲ, "ನೋಡ್ಬೇಕಿತ್ತು, ಒಂದ್ಸಲಾನೂ ಕೆಳಗೆ ನೋಡ್ಲಿಲ್ಲ ಕಣಮ್ಮ ಇವ್ಳು," ಅಂತ ಶಿರಾ ಬರುವ ತನಕ ಹೇಳಿದ್ದೇ ಹೇಳಿದ್ದು.

ಆ ವರ್ಷವೇ ಪರೀಕ್ಷೆ ಪಾಸು ಮಾಡಿದೆ, ಅದೂ ಫಸ್ಟ್ ಕ್ಲಾಸಿನಲ್ಲಿ. ಈಗ ಮಧುಗಿರಿಯಲ್ಲಿ ಕೋರ್ಟಿನ ಬೆರಳಚ್ಚುಗಾರ್ತಿ. ಮೇಡಂ ತೀರಿಹೋದರು ಅಂತ ಹೋದ ವರ್ಷ ಫೋನ್ ಬಂದಾಗ ಕಚೇರಿಯಲ್ಲಿದ್ದೆ. ಒಂದು ದಿನದ ರಜೆಗೆ ಅರ್ಜಿಯನ್ನು ಅಲ್ಲೇ ಕೂತು ಟೈಪ್ ಮಾಡಿದೆ. ಕಣ್ಣು ತುಂಬಿಕೊಂಡು ಒಂದು ಕೀಯೂ ಕಾಣುತ್ತಿರಲಿಲ್ಲ. ಅರ್ಜಿಯಲ್ಲಿ ಒಂದು ತಪ್ಪೂ ಇರಲಿಲ್ಲ.