ಬಿಸ್ಕತ್ ಡಬ್ಬಿಯ ಸಿಪಾಯಿಗಳು

ಬದುಕಿರುವವರ ಫೋಟೋ ಗೋಡೆಗೆ ಹಾಕಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮ ಪಕ್ಕದ ಮನೆಯ ಅಜ್ಜಿ ನಂಬಿದ್ದರು. ಅದಕ್ಕೇ, ಒಬ್ಬನೇ ಮಗ ಯುದ್ಧಕ್ಕೆ ಹೊರಟಾಗ ಬಂಗಾರಪೇಟೆಯ ಸ್ಟುಡಿಯೋದಲ್ಲಿ ತೆಗೆಸಿಕೊಂಡ ಫೋಟೋವನ್ನು ಅವರು ತರಿಸಲೇ ಇಲ್ಲ. "ಅವ್ನೇ ಬಂದು ಈಸ್ಕೋತಾನೆ ಬುಡು" ಎಂದುಬಿಟ್ಟರಂತೆ. ಸ್ಟುಡಿಯೋದವರು ಕೊಟ್ಟ ಚೀಟಿ ಅವನ ಜೇಬಿನಲ್ಲೇ ಹೋಯಿತು. ಆಮೇಲೆ ಬರ್ಮಾದ ಕಡೆ ಕಾಣೆಯಾಗಿದ್ದಾನೆ ಎಂಬ ಕಾಗದವೊಂದು ಬಂತು, ಅಷ್ಟೆ. ಆ ಹಟಮಾರಿ ಮುದುಕಿಯ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ. ಪಾಪ ಅಂತಲೂ ಅನ್ನಿಸುತ್ತದೆ.

ಯುದ್ಧ ಮುಗಿದ ಮೇಲೆ ಅಜ್ಜಿ ಮತ್ತು ಸೊಸೆ ಬೇತಮಂಗಲದ ಹತ್ತಿರದ ಹಳ್ಳಿ ಬಿಟ್ಟು ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಕೂಲಿಗಳ ಮನೆಸಾಲಿಗೆ, ನಮ್ಮ ಲೈನಿಗೆ ಬಂದರು. ಸೊಸೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಗಣಿಯ ಸಾಹೇಬರ ಬಂಗಲೆಯಲ್ಲಿ ಪಾತ್ರೆ ತೊಳೆದು ಅತ್ತೆಯನ್ನು ಸಾಕುತ್ತಿದ್ದಳು. ನನಗೆ ಹತ್ತು ವರ್ಷವಿದ್ದಾಗ, ಅವಳ ಗಂಡ ಕಾಣೆಯಾಗಿ ಹನ್ನೆರಡು ವರ್ಷ ತುಂಬಿತು. ಅಷ್ಟು ದಿನ ಸುದ್ದಿಯಿಲ್ಲದಿದ್ದರೆ ಸತ್ತನೆಂದೇ ತಿಳಿದು ಕರ್ಮ ಮಾಡುವುದು ಪದ್ಧತಿ. ಫೋಟೋ ಇಟ್ಟು ಕಾರ್ಯ ಮುಗಿಸಿ, ಅವತ್ತೇ ಸೊಸೆಯ ಬಳೆ ತೆಗೆಸಬೇಕೆಂದು ಊರಿನ ಹಿರಿಯರು ಹೇಳಿಕಳಿಸಿದರು. ಅಷ್ಟರಲ್ಲಿ ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ.

"ಓಗಿ ತಕಂಬಾ. ನಾನಂತೂ ನೋಡಂಗಿಲ್ಲ, ನೀನಾದ್ರೂ ನೋಡು" ಎಂದರು.

ಬೋರ್ಡು ಓದಲು ಬರುತ್ತದೆಂದು ಅಕ್ಕ ನನ್ನನ್ನು ಜೊತೆಗೆ ಕರೆದುಕೊಂಡಳು. ಬಳೆ ಕಳೆದುಕೊಳ್ಳಲು ಹೊರಟವಳು ಮದುವೆಯ ಸೀರೆ ಉಟ್ಟಿದ್ದಳು. ರೈಲಿನಲ್ಲಿ ಎರಡು ಸಲ ತಲೆ ಸರಿಮಾಡಿಕೊಂಡಳು. ಗಂಡನನ್ನು ನೋಡುವ ಆಸೆ ಅವಳಿಗೆ ಅಷ್ಟಿತ್ತು.

ಸ್ಟುಡಿಯೋದ ಮುದುಕ ಅಟ್ಟದಿಂದ ಬಿಸ್ಕತ್ ಡಬ್ಬಿಯೊಂದನ್ನು ಇಳಿಸಿದ. "ಎಲ್ಲಾ ಆವತ್ತಿನ ಸಿಪಾಯ್ಗಳು. ರಜಕ್ಕೆ ಬಂದಾಗ ಈಸ್ಕೋತೀವಿ ಅಂದೋರು ಬರ್ನೇ ಇಲ್ಲ. ಎಸೆಯಕ್ಕೆ ಮನ್ಸು ಬರಲ್ಲ ತಾಯಿ. ಎಸ್ರು ಬರೆದಿದ್ದ ಪುಸ್ತಕ ಗೆದ್ದಲು ತಿಂತು. ನಿಮ್ಮೋರ್ನ ನೀವೇ ನೋಡಿ ತಕಳಿ."

ಅದೇ ಕುರ್ಚಿ, ಹಿಂದೆ ಅದೇ ಪರದೆಯ ಹೂದೋಟ, ಒಂದೇ ಥರದ ಟೋಪಿ, ಮೀಸೆ ಆಗತಾನೇ ಮೂಡುತ್ತಿದ್ದ ಮುಖಗಳು. ಅಕ್ಕ ಒಂದೊಂದನ್ನೇ ನೋಡಿ ಮುಗಿಸಿ ಮತ್ತೆ ಮೊದಲಿನಿಂದ ಶುರುಮಾಡಿದಳು. ನನಗೆ ಬೇಜಾರಾಯಿತು. "ಇವ್ರು ಚೆನ್ನಾಗವ್ರೆ, ಇವ್ರೇ ಇರ್ಬೇಕು" ಎಂದೆ. ಆ ಮಾತಿಗೆ ಇವತ್ತಿಗೂ ನಾಚಿಕೆಪಡುತ್ತೇನೆ.

"ನಂಗೆ ಗೊತ್ತಾಗ್ತಿಲ್ಲ ಕಣೇ" ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು. "ಮದ್ವೇಲಿ ನಂಗೆ ಅದಿಮೂರು. ಅವ್ರು ಇದ್ದಿದ್ದೇ ಅನ್ನೊಂದು ದಿನ. ಅತ್ತೆ ಮುಂದೆ ತಲೆ ಎತ್ತಂಗಿರ್ಲಿಲ್ಲ. ಊಟಕ್ಕಿಕ್ಕುವಾಗ ಕಾಲು ನೋಡಿವ್ನಿ, ಅಷ್ಟೇಯ. ಎಡಗಾಲಿನ ಎಬ್ಬೆಟ್ಟು ಒಂಚೂರು ಸೊಟ್ಟ."

ನಾನು ಫೋಟೋಗಳ ಕೆಳಭಾಗ ನೋಡಿದೆ. ಎಲ್ಲರೂ ಬೂಟು ಹಾಕಿದ್ದರು.

ಊರಿನವರನ್ನು ಕರೆತಂದು ತೋರಿಸಬಹುದಿತ್ತು. ಆದರೆ ಗಂಡನ ಮುಖವೇ ಗೊತ್ತಿಲ್ಲವೆಂದು ಅವಳು ಯಾರ ಹತ್ತಿರ ಹೇಳಿಕೊಂಡಾಳು? ಮುದುಕನಿಗೆ ಎಲ್ಲ ಅರ್ಥವಾಗಿರಬೇಕು. "ಯಾವ್ದಾದ್ರೂ ಒಂದು ತಕಂಡೋಗಿ ತಾಯಿ" ಎಂದ.

"ಬ್ಯಾಡಪ್ಪ. ನಾಳೆ ಇವ್ರಮ್ಮ ಬಂದ್ರೆ?" ಎಂದು ಅಕ್ಕ ಎಲ್ಲವನ್ನೂ ಜೋಡಿಸಿ ಮುಚ್ಚಳ ಹಾಕಿದಳು.

ಮನೆ ಬಾಗಿಲಲ್ಲೇ ಅಜ್ಜಿ ಕೈ ಚಾಚಿ ಕೂತಿದ್ದರು. "ತಾ, ಕೈಗಾದ್ರೂ ಕೊಡು."

"ಇಲ್ಲ ಅತ್ತೆ. ಅವ್ರೇ ಬಂದು ಈಸ್ಕಂಡು ಓದ್ರಂತೆ."

ಅಜ್ಜಿ "ನಾನು ಯೋಳ್ನಿಲ್ವಾ!" ಎಂದು ಅಳುತ್ತಾ ನಕ್ಕರು. ಸೊಸೆಯ ಕೈ ಎಳೆದುಕೊಂಡು ಬಳೆಗಳನ್ನು ಒಂದೊಂದಾಗಿ ಮುಟ್ಟಿದರು. "ತೆಗೀಬ್ಯಾಡ ಕಣೇ. ಬತ್ತಾನೆ."

ಕಾರ್ಯ ನಿಂತುಹೋಯಿತು. ಅಜ್ಜಿ ನನ್ನ ಹೆಗಲು ಹಿಡಿದುಕೊಂಡು ಲೈನಿನ ಮನೆಮನೆಗೂ ಸುದ್ದಿ ಹೇಳಿ ಬಂದರು. ನಾವು ತಿರುಗಿ ಬಂದಾಗ ಅಕ್ಕ ಅದೇ ಸೀರೆಯಲ್ಲಿ ಒಲೆಯ ಮುಂದೆ ಕೂತಿದ್ದಳು. ಅಜ್ಜಿ ಒಳಗೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದಳು.

"ಒಂದ್ಸಲ ತಲೆ ಎತ್ತಿದ್ರೆ ಏನಾಗ್ತಿತ್ತೇ?" ಎಂದು ಹತ್ತು ವರ್ಷದ ನನ್ನನ್ನು ಕೇಳಿದಳು.